ಡೆಂಗಿಗೆ ನ್ಯಾನೊ ಬೆಳ್ಳಿ ಹನಿ? ಬೇಡ

ಪ್ರಶ್ನೆ: ಡೆಂಗಿ ಬಾರದಿರಲೆಂದು ಪರಿಚಯದವರೊಬ್ಬರು ‘ನ್ಯಾನೊ ಸಿಲ್ವರ್’ ಹನಿ ಕೊಟ್ಟಿದ್ದಾರೆ. ಆರು ವರ್ಷದ ಮಗಳಿಗೆ ದಿನಾ ಐದು ಹನಿ ಕೊಡಬಹುದೇ? ಬೆಳ್ಳಿ ವೈರಸ್ ಕೊಲ್ಲುತ್ತದೆಂದು ವಿಜ್ಞಾನಿಗಳೇ ಹೇಳಿದ್ದಾರಂತಲ್ಲ?

ಉತ್ತರ: ಕೊಡಬೇಡಿ. ಮಳೆಗಾಲ ಶುರುವಾದರೆ ಸಾಕು, ಇದೇ ಪ್ರಶ್ನೆ. ಬಾಟಲಿ ಮಾತ್ರ ಬೇರೆ. ವಿಜ್ಞಾನಿಗಳು ಹೇಳಿದ್ದು ಪ್ರಯೋಗಾಲಯದ ಗಾಜಿನ ತಟ್ಟೆಯ ಮಾತು. ಅಲ್ಲಿ ಬೆಳ್ಳಿಯ ನ್ಯಾನೊ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು, ಎಚ್‌ಐವಿಯನ್ನೂ ತಡೆದಿವೆ. ಬ್ಲೀಚಿಂಗ್ ಪೌಡರೂ ವೈರಸ್ ಕೊಲ್ಲುತ್ತದೆ, ಯಾರಾದರೂ ಕುಡಿಯುತ್ತಾರೆಯೇ?

ನುಂಗಿದ ಬೆಳ್ಳಿ ರಕ್ತದಲ್ಲಿ ವೈರಸ್ ಹುಡುಕಿಕೊಂಡು ಹೋಗುವುದಿಲ್ಲ. ಬಹುಪಾಲು ಮಲದಲ್ಲಿ ಹೊರಬೀಳುತ್ತದೆ. ಒಳಗೆ ಉಳಿದದ್ದರಲ್ಲಿ ಒಂದಂಶ ಚರ್ಮದಲ್ಲಿ ಕೂತು, ಬಿಸಿಲು ತಾಗಿದಾಗ ಹಳೇ ಫೋಟೊ ಫಿಲ್ಮಿನ ಹಾಗೆ ಕಪ್ಪಾಗುತ್ತದೆ. ಉಗುರಿನ ಬುಡದ ಅರ್ಧಚಂದ್ರ ನೀಲಿಗಟ್ಟುತ್ತದೆ, ಒಸಡು ಬೂದಿಬಣ್ಣಕ್ಕೆ ತಿರುಗುತ್ತದೆ, ಕ್ರಮೇಣ ಮುಖವೂ. ಇದಕ್ಕೆ ಆರ್ಜೀರಿಯಾ ಎನ್ನುತ್ತಾರೆ. ಹನಿ ನಿಲ್ಲಿಸಿದರೂ ಬಣ್ಣ ಹೋಗುವುದಿಲ್ಲ. ಥೈರಾಯ್ಡ್ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್‌ಗಳು ಮೈಗೆ ಹತ್ತದಂತೆಯೂ ಬೆಳ್ಳಿ ಮಾಡಬಲ್ಲದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇಂಥ ಬೆಳ್ಳಿ ದ್ರಾವಣಗಳನ್ನು ಸುರಕ್ಷಿತ, ಪರಿಣಾಮಕಾರಿ ಔಷಧಿಯೆಂದು ಒಪ್ಪಲಾಗದು ಎಂದಿತು. ‘ಅಡ್ಡಪರಿಣಾಮವಿಲ್ಲ’ ಎಂದು ಚೀಟಿ ಅಂಟಿಸಿ ಮಾರುವವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ!

ನ್ಯಾನೊ ತಂತ್ರ ಸುಳ್ಳಲ್ಲ. ನಿಮ್ಮ ಮಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದರೆ ಅದರ ಲಾಭ ಆಗಲೇ ಸಿಕ್ಕಿದೆ: ಯೀಸ್ಟಿನಲ್ಲಿ ತಯಾರಾದ, ಸುಮಾರು 22 ನ್ಯಾನೊಮೀಟರಿನ ಪ್ರೋಟೀನ್ ಕಣ, ಒಳಗೆ ವೈರಸ್ಸೇ ಇಲ್ಲ. ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳಲ್ಲಿ ಎಂಆರ್‌ಎನ್‌ಎ ಎಳೆಯನ್ನು (ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತದ್ದು) ಜೀವಕೋಶದೊಳಗೆ ದಾಟಿಸಿದ್ದು ನಾಲ್ಕು ಬಗೆಯ ಲಿಪಿಡ್‌ಗಳ, ಅಂದರೆ ಕೊಬ್ಬಿನಂಥ ವಸ್ತುಗಳ, ನ್ಯಾನೊ ಕಣ. ಹೊದಿಕೆಯಿಲ್ಲದಿದ್ದರೆ ಆ ಎಳೆ ದಾರಿಯಲ್ಲೇ ಚೂರಾಗುತ್ತಿತ್ತು. ಎರಡೂ ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿ ಬಂದವು. ನಿಮ್ಮ ಬಾಟಲಿ ಯಾರ ಮೇಲೆ ಪರೀಕ್ಷೆಯಾಗಿದೆ, ಕೇಳಿ ನೋಡಿ.

ಡೆಂಗಿಗೆ ಹಗಲಿನ ಸೊಳ್ಳೆಯನ್ನು ತಡೆಯಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ; ಐಬುಪ್ರೊಫೆನ್, ಆಸ್ಪಿರಿನ್ ಕೂಡದು. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ. ನಾನಾದರೆ ಮಗುವಿನ ಜ್ವರದಲ್ಲಿ ಒಂದು ರಾತ್ರಿಯೂ ‘ನೋಡೋಣ’ ಎನ್ನುವುದಿಲ್ಲ.

ಪ್ರಶ್ನೆ: ಲಸಿಕೆಯಲ್ಲಿ ನ್ಯಾನೊ ಚಿಪ್ ಇದೆಯೇ?

ಉತ್ತರ: ಇಲ್ಲ. ಮತ್ತೆ ಕೇಳಬೇಡಿ.

ಪ್ರಶ್ನೆ: ಆಯುರ್ವೇದದ ಭಸ್ಮಗಳೂ ನ್ಯಾನೊ ಔಷಧಿಯೇ ಅಲ್ಲವೇ?

ಉತ್ತರ: ಕಣ ಸಣ್ಣದಾದ ಮಾತ್ರಕ್ಕೆ ಔಷಧಿಯಾಗದು. ಸೌದೆ ಒಲೆಯ ಹೊಗೆಯಲ್ಲೂ ನ್ಯಾನೊ ಕಣಗಳಿವೆ.

ಪ್ರಶ್ನೆ: ಬೆಳ್ಳಿ ಲೇಪಿತ ಮಾಸ್ಕ್?

ಉತ್ತರ: ಹೆಚ್ಚಿನ ದುಡ್ಡು ದಂಡ. ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಸಾಕು. ಅದನ್ನು ಸೋಪು ಹಾಕಿ ಒಗೆಯಬೇಡಿ. ಕಣಗಳನ್ನು ಹಿಡಿಯುವ ವಿದ್ಯುದಾವೇಶ ಹೊರಟುಹೋಗುತ್ತದೆ.