ಇಂಪ್ಲಾಂಟ್ ಲೈಫ್‌ಟೈಮ್ ಬರತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 58 ವರ್ಷ, ಶುಗರ್ ಇದೆ. ದವಡೆ ಹಲ್ಲು ಕೀಳಿಸಿದ ಜಾಗಕ್ಕೆ ಇಂಪ್ಲಾಂಟ್ ಹಾಕಿ ಜಿರ್ಕೋನಿಯಾ ಕ್ಯಾಪ್ ಕೂರಿಸ್ತೀವಿ, ಲೈಫ್‌ಟೈಮ್ ಬರತ್ತೆ ಅಂತಿದಾರೆ, ನಂಬಬಹುದಾ?
– ಓದುಗರು, ಹಾಸನ

ಉತ್ತರ: ಇಂಪ್ಲಾಂಟ್ ಅಂದ್ರೆ ಹಲ್ಲಿನ ಬೇರಿನ ಬದ್ಲು ದವಡೆ ಮೂಳೆಗೆ ಕೂರಿಸೋ ಸ್ಕ್ರೂ, ಅದರ ಮೇಲೆ ಹಲ್ಲಿನಾಕಾರದ ಕ್ಯಾಪ್ ಬರತ್ತೆ; ಜಿರ್ಕೋನಿಯಾ ಅಂದ್ರೆ ಗಟ್ಟಿ ಬಿಳಿ ಸೆರಾಮಿಕ್. ಲೈಫ್‌ಟೈಮ್ ಅನ್ನೋದು ವ್ಯಾಪಾರದ ಮಾತು ಬಿಡಿ. ಆದ್ರೆ ಬಾಳಿಕೆ ಬರೋದಂತೂ ನಿಜ, 1965ರಲ್ಲಿ ಸ್ವೀಡನ್ನಿನ ಡಾಕ್ಟ್ರು ಬ್ರೋನೆಮಾರ್ಕ್ ತಮ್ಮ ಮೊದಲ ಪೇಷಂಟ್‌ಗೆ ಹಾಕಿದ ಟೈಟಾನಿಯಂ ಸ್ಕ್ರೂಗಳು ಆತ ಸಾಯೋ ತನಕ, ಸುಮಾರು 40 ವರ್ಷ, ಕೆಲ್ಸ ಮಾಡಿದ್ವು. ಈಗಲೂ 100ಕ್ಕೆ 90ಕ್ಕಿಂತ ಜಾಸ್ತಿ ಇಂಪ್ಲಾಂಟು 10 ವರ್ಷ ದಾಟತ್ವೆ. ಸ್ಕ್ರೂಗೆ ಹುಳುಕು ಹಿಡಿಯಲ್ಲ, ಆದ್ರೆ ಸುತ್ತ ಕೊಳೆ ಕೂತು ವಸಡು ಊದ್ಕೊಂಡು ಒಳಗೆ ಮೂಳೆ ಕರಗ್ತಾ ಹೋಗತ್ತೆ, ನೋವೇ ಇರಲ್ಲ ಹಾಗಾಗಿ ಗೊತ್ತೇ ಆಗಲ್ಲ, ಬ್ರಶ್ ಮಾಡುವಾಗ ರಕ್ತ ಬಂದ್ರೆ ಅದೇ ಮೊದಲ ಸೂಚನೆ. ಶುಗರ್ ಹತೋಟೀಲಿ ಇಲ್ದಿದ್ರೆ ಇದು ಇನ್ನೂ ಬೇಗ, ಅದಕ್ಕೇ ಮೊದ್ಲು ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್ ಮಾಡಿಸಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಅಭ್ಯಾಸ ಇದ್ರೆ ಬಿಡಿಸಿ (ಬೈದ್ರೂ ಪರ್ವಾಗಿಲ್ಲ). ಕ್ಯಾಪ್ ವಿಷ್ಯಕ್ಕೆ ಬಂದ್ರೆ, ದವಡೆಗೆ ಪೂರ್ತಿ ಜಿರ್ಕೋನಿಯಾನೇ ಒಳ್ಳೇದು, ಮೇಲೆ ಪೋರ್ಸಲೀನ್ ಲೇಪ ಇರೋದು ಚಕ್ಕೆ ಏಳೋದು ಜಾಸ್ತಿ. ರಾತ್ರಿ ಹಲ್ಲು ಕಡೀತಾರಾ ಕೇಳ್ನೋಡಿ, ಹಾಗಿದ್ರೆ ನೈಟ್‌ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕೋ ಕವಚ) ಬೇಕೇ ಬೇಕು. ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ತಪ್ಪಿಸ್ಬೇಡಿ.