ಲಕ್ಷ ಹಕ್ಕಿ ಇದ್ದರೆ ಸಾಕೇ?

ಪ್ರಿಯ ಓದುಗರೇ,

ವಲಸೆ ಹಕ್ಕಿಗಳ ಕಳ್ಳಬೇಟೆಯ ಬಗ್ಗೆ ನಾವು ಬರೆದದ್ದು ಅತಿಯಾಯಿತು ಎಂದಿದ್ದೀರಿ. "ಲಕ್ಷಗಟ್ಟಲೆ ಬರುತ್ತವೆ, ಒಂದಷ್ಟು ಹಿಡಿದರೆ ಏನಾಗುತ್ತೆ? ಬಡವರ ಹೊಟ್ಟೆಪಾಡು ಅಲ್ವಾ?" ಎಂದು ಕೇಳಿದ್ದೀರಿ. ಬಡವರ ಬಗ್ಗೆ ನಿಮಗಿರುವ ಕಾಳಜಿ ನನಗೆ ಹಿಡಿಸಿತು. 'ಲಕ್ಷಗಟ್ಟಲೆ' ಎಂಬ ಮಾತು ಮಾತ್ರ ನನ್ನನ್ನು ಹೆದರಿಸುತ್ತದೆ.

ಹಳದಿ ಎದೆಯ ಬಂಟಿಂಗ್ ಎಂಬ ಹಕ್ಕಿ ಇದೆ. ಗುಬ್ಬಚ್ಚಿಯಷ್ಟೇ ಗಾತ್ರ. ಒಂದು ಕಾಲಕ್ಕೆ ಫಿನ್ಲೆಂಡಿನಿಂದ ಜಪಾನಿನವರೆಗೆ ಗೂಡು ಕಟ್ಟುತ್ತಿತ್ತು. ಚಳಿಗಾಲಕ್ಕೆ ಚೀನಾ ದಾಟಿ ದಕ್ಷಿಣಕ್ಕೆ ಬರುತ್ತದೆ. ರಾತ್ರಿ ತಂಗಲು ಗುಂಪುಗುಂಪಾಗಿ ಜೊಂಡಿಗೆ ಇಳಿಯುತ್ತದೆ. ಬಲೆ ಹಾಕುವವರಿಗೆ ಅಷ್ಟು ಸಾಕು. ಚೀನಾ 1997ರಲ್ಲೇ ಬೇಟೆ ನಿಷೇಧಿಸಿದರೂ ಕದ್ದು ಹಿಡಿಯುವುದು ನಿಲ್ಲಲಿಲ್ಲ. 1980ರಿಂದ 2013ರೊಳಗೆ ಇವುಗಳ ಸಂಖ್ಯೆ ಶೇ. 84ರಿಂದ 95ರಷ್ಟು ಕುಸಿಯಿತು ಎಂಬುದು ಸಂಶೋಧಕರ ಅಂದಾಜು. 2004ರವರೆಗೂ, ಜೀವಿಗಳ ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲಿ 'ಚಿಂತೆಯಿಲ್ಲ' ಎನ್ನುವ ಸಾಲಿನಲ್ಲಿದ್ದ ಹಕ್ಕಿ, 2017ಕ್ಕೆ ಅಳಿವಿನ ಅಂಚಿನ ಸಾಲಿಗೆ ಬಂದು ನಿಂತಿತು.

ವಲಸೆ ಹಕ್ಕಿಯ ಕಷ್ಟವೇ ಇದು. ವಿಶಾಲವಾದ ನಾಡಿನಲ್ಲೆಲ್ಲ ಹರಡಿಕೊಂಡು ಬೆಳೆದ ಹಕ್ಕಿಗಳು ದಾರಿಯಲ್ಲಿ ಕೆಲವೇ ಜಾಗಗಳಲ್ಲಿ ಒಟ್ಟಾಗುತ್ತವೆ. ಅಲ್ಲಿ ಜಾಸ್ತಿ ಕಾಣುತ್ತವೆ ಎಂದರೆ, ಆ ಹೊತ್ತಿಗೆ ಬೇರೆ ಕಡೆ ಇಲ್ಲ ಎಂದೂ ಅರ್ಥ. ಆ ಒಂದು ಜಾಗದ ಬಲೆ ನೂರಾರು ಊರುಗಳ ಹಕ್ಕಿಯನ್ನು ನುಂಗುತ್ತದೆ. ಬಲೆಗೆ ಆಯ್ಕೆಯೂ ಗೊತ್ತಿಲ್ಲ. ಸೈಪ್ರಸ್‌ನಲ್ಲಿ ಬ್ಲ್ಯಾಕ್‌ಕ್ಯಾಪ್ ಹಕ್ಕಿಗೆಂದು ಇಡುವ ಅಂಟಿನ ಕಡ್ಡಿಗೆ ಪುಟ್ಟ ಗೂಬೆಗಳೂ ಮೆತ್ತಿಕೊಳ್ಳುತ್ತವೆ.

ಇನ್ನು ಹೊಟ್ಟೆಪಾಡು. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಮೀನಿನ ಬಲೆ ಎತ್ತರಕ್ಕೆ ಕಟ್ಟಿ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿಗಳನ್ನು ಹಿಡಿಯುತ್ತಿದ್ದುದು ಬಯಲಾಯಿತು. ಒಂದೇ ಋತುವಿನಲ್ಲಿ ಲಕ್ಷಕ್ಕೂ ಹೆಚ್ಚು ಹಕ್ಕಿ. ಸೈಬೀರಿಯಾ, ಚೀನಾ ಕಡೆಯಿಂದ ಹೊರಟು, ಅರಬ್ಬೀ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕಾ ಸೇರಬೇಕಾದ ಹಕ್ಕಿಗಳು ಅವು. ಹಿಡಿಯುತ್ತಿದ್ದವರಲ್ಲಿ ಅಣೆಕಟ್ಟಿನಿಂದ ಹೊಲ ಮುಳುಗಿದವರೂ ಇದ್ದರು. ಅವರನ್ನು ಸುಮ್ನೆ ಬೈದು ಕೂರುವುದು ನನಗೂ ಬೇಡ. ಅಂಥವರಿಗೆ ಬೇರೆ ದುಡಿಮೆ ಸಿಗಲೇಬೇಕು, ಅದರಲ್ಲಿ ನಾನು ನಿಮ್ಮ ಜೊತೆಗಿದ್ದೇನೆ.

ಆದರೆ ಅದೇ ಜನ ಮಾಡಿದ್ದನ್ನೂ ನೋಡಿ. ಊರಿನವರು, ಚರ್ಚು, ಅರಣ್ಯ ಇಲಾಖೆ, ಹಕ್ಕಿಪ್ರೇಮಿಗಳು ಕೂತು ಮಾತಾಡಿದರು. 2013ರ ಋತುವಿನಲ್ಲಿ ಆ ಬಲೆಗಳು ಮೇಲೇಳಲಿಲ್ಲ. ಆ ನವೆಂಬರಿನಲ್ಲಿ ವಿಜ್ಞಾನಿಗಳು ಮೂರು ಫಾಲ್ಕನ್‌ಗಳಿಗೆ ಹಾರುವ ದಾರಿ ತಿಳಿಸುವ ಉಪಗ್ರಹ ಟ್ಯಾಗ್ ಕಟ್ಟಿ ಹಾರಿಬಿಟ್ಟರು. ಅದರಲ್ಲೊಂದಕ್ಕೆ ಪಾಂಗ್ಟಿ ಎಂದು ಹೆಸರಿಟ್ಟರು. ಹಿಂದಿನ ವರ್ಷ ಬಲೆ ಕಟ್ಟಿದ್ದ ಹಳ್ಳಿಯ ಹೆಸರು ಅದು.

— ಸಂಪಾದಕ