ಸೈಬೀರಿಯಾ ರೈಲಲ್ಲಿ ಎಲ್ಲಿ ಇಳಿಯೋದು, ಎಲ್ಲಿ ಸುಮ್ನೆ ಕೂರೋದು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ರೈಲಿನ ಬಗ್ಗೆ. ಉಳಿದವ್ರು ಬೇಜಾರು ಮಾಡ್ಕೋಬೇಡಿ, ನಿಮ್ಮದು ಮುಂದಿನ ಸಂಚಿಕೆಗೆ.

ಪ್ರಶ್ನೆ: ಸರ್, ನಾನು ರಿಟೈರ್ ಆಗಿ ಆರು ತಿಂಗಳಾಯ್ತು. ನಾನೂ ನಮ್ಮನೆಯವ್ರೂ ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ವರೆಗೂ ಟ್ರಾನ್ಸ್ ಸೈಬೀರಿಯನ್ ರೈಲಲ್ಲಿ ಹೋಗ್ಬೇಕು ಅಂತಿದೀವಿ. ಒಂದು ವಾರ ಒಂದೇ ಬೋಗಿಲಿ ಕೂತ್ರೆ ತಲೆ ಕೆಡುತ್ತೆ, ಹತ್ತು ಊರಲ್ಲಿ ಇಳಿದು ನೋಡ್ಕೊಂಡು ಹೋಗಿ ಅಂತಾನೆ ಮಗ. ಇವ್ರು ನೋಡಿದ್ರೆ ಇಳಿಯೋದೇ ಬೇಡ, ಕಿಟಕಿ ಸಾಕು ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ರದ್ದೂ ಬೇಡ ಮೇಡಂ, ಮೂರು ಕಡೆ ಇಳೀರಿ ಸಾಕು. ದಾರಿ ಒಟ್ಟು 9288 ಕಿಲೋಮೀಟರ್, ವ್ಲಾಡಿವೊಸ್ಟಾಕ್ ಸ್ಟೇಷನ್ನಲ್ಲಿ ಆ ನಂಬರ್ ಇರೋ ಕಂಬಾನೇ ನೆಟ್ಟಿದಾರೆ. ಇದ್ರಲ್ಲಿ ಹತ್ತು ಕಡೆ ಇಳಿದ್ರೆ ಹತ್ತು ಸಲ ಲಗೇಜ್ ಎತ್ತಿಳಿಸೋದು, ಹತ್ತು ಹೋಟೆಲ್ಲು, ಹತ್ತು ಸಲ ಅರ್ಧರಾತ್ರಿ ಪ್ಲಾಟ್‌ಫಾರ್ಮಲ್ಲಿ ಚಳಿಗೆ ನಡುಗೋದು, ಕೊನೆಗೆ ಊರೆಲ್ಲ ಒಂದರ ಮೇಲೊಂದು ಕಲಸಿಹೋಗಿ ಯಾವ ಚರ್ಚ್ ಯಾವ ಊರಿಂದು ಅಂತ್ಲೇ ನೆನಪಿರಲ್ಲ. ಇಳಿಯದೇ ಹೋದ್ರೆ ಇನ್ನೊಂದು ನಷ್ಟ, ಬೈಕಲ್ ಸರೋವರಾನ ಗಾಜಿನಾಚೆಯಿಂದ ಕೆಲವು ಗಂಟೆ ನೋಡಿ ಮುಗಿಸಿಬಿಡ್ತೀರಿ, ಅದಂತೂ ತಪ್ಪು.

ಮೊದಲನೇದು ಯೆಕಟೆರಿನ್‌ಬರ್ಗ್, ಮಾಸ್ಕೋದಿಂದ ಹೆಚ್ಚುಕಮ್ಮಿ ಒಂದು ದಿನ ಒಂದು ರಾತ್ರಿ. ರೈಲಿನ ಜೀವನ ನಿಮ್ಮ ಮೈಗೆ ಒಗ್ಗುತ್ತಾ ಇಲ್ವಾ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತೆ. ಅದಕ್ಕಿಂತ ಸ್ವಲ್ಪ ಮುಂಚೆ 1777ನೇ ಕಿಲೋಮೀಟರಲ್ಲಿ ಯುರೋಪ್ ಮುಗಿದು ಏಷ್ಯಾ ಶುರುವಾಗೋ ಗುರುತಿನ ಕಂಬ ಬರುತ್ತೆ, ಕಣ್ಣು ಮಿಟುಕಿಸಿದ್ರೆ ಹೋಯ್ತು, ನಾನಂತೂ ಕ್ಯಾಮೆರಾ ಕವರ್ ತೆಗೆಯೋದ್ರೊಳಗೆ ಏಷ್ಯಾದಲ್ಲಿದ್ದೆ. ರಷ್ಯಾದ ಕೊನೆಯ ತ್ಸಾರ್, ಅಂದ್ರೆ ದೊರೆ, ಎರಡನೇ ನಿಕೋಲಸ್‌ನ ಹೆಂಡತಿ ಮಕ್ಕಳ ಸಮೇತ 1918ರ ಜುಲೈನಲ್ಲಿ ಗುಂಡಿಟ್ಟು ಕೊಂದಿದ್ದು ಈ ಊರಲ್ಲೇ. ಆ ಮನೇನ 1977ರಲ್ಲಿ ಕೆಡವಿದ್ರು, ಈಗ ಅದೇ ಜಾಗದಲ್ಲಿ ದೊಡ್ಡ ಚರ್ಚ್ ಇದೆ. ತಮಾಷೆ ಏನಂದ್ರೆ ಇದೇ ನಿಕೋಲಸ್ ಯುವರಾಜನಾಗಿದ್ದಾಗ, 1891ರಲ್ಲಿ, ವ್ಲಾಡಿವೊಸ್ಟಾಕ್‌ಗೆ ಹೋಗಿ ಈ ರೈಲು ದಾರಿಗೆ ಅಡಿಗಲ್ಲು ಹಾಕಿದ್ದ.

ಎರಡನೇದು ಇರ್ಕುಟ್ಸ್ಕ್. ಇಲ್ಲಿಗೆ ಯೆಕಟೆರಿನ್‌ಬರ್ಗಿಂದ ಎರಡು ದಿನದ ಮೇಲಾಗುತ್ತೆ, ಈ ಎರಡು ದಿನಾನೇ ನಿಮ್ಮನೆಯವ್ರು ಕೇಳ್ತಿರೋ ಕಿಟಕಿ. ಬರ್ಚ್ ಮರ, ಜೌಗು, ಮತ್ತೆ ಬರ್ಚ್ ಮರ, ನಡುನಡುವೆ ನೀಲಿ ಕಿಟಕಿಯ ಮರದ ಮನೆ, ಆಮೇಲೆ ಇದ್ದಕ್ಕಿದ್ದಂಗೆ ಒಂದು ನದಿ. ಓಮ್ಸ್ಕ್‌ನಲ್ಲಿ ಇರ್ತಿಶ್, ನೊವೊಸಿಬಿರ್ಸ್ಕ್‌ನಲ್ಲಿ ಓಬ್, ಕ್ರಾಸ್ನೊಯಾರ್ಸ್ಕ್‌ನಲ್ಲಿ ಯೆನಿಸೇ. ಸೇತುವೆ ದಾಟುವಾಗ ಮಾತಾಡ್ತಿದ್ದವ್ರೂ ಸುಮ್ಮನಾಗ್ತಾರೆ. ಇರ್ಕುಟ್ಸ್ಕ್‌ನಲ್ಲಿ ಮೂರು ದಿನನಾದ್ರೂ ಇಟ್ಕೊಳ್ಳಿ, ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಲಿಸ್ಟ್‌ವ್ಯಾಂಕಕ್ಕೆ ಬಸ್ಸಲ್ಲಿ ಹೋದ್ರೆ ಬೈಕಲ್ ನೀರಿನ ಅಂಚಲ್ಲೇ ನಿಲ್ತೀರಿ. 1642 ಮೀಟರ್ ಆಳ, ಪ್ರಪಂಚದಲ್ಲಿ ಇದಕ್ಕಿಂತ ಆಳದ ಸರೋವರ ಇಲ್ಲ.

ಮೂರನೇದು ಉಲಾನ್ ಉದೆ. ಇರ್ಕುಟ್ಸ್ಕಿಂದ ಇಲ್ಲಿಗೆ ಏಳೆಂಟು ಗಂಟೆ ಅಷ್ಟೇ, ಅದನ್ನ ಮಾತ್ರ ಹಗಲು ಹೊತ್ತಿನ ಟ್ರೈನಲ್ಲೇ ಮಾಡಿ, ರಾತ್ರಿ ಟಿಕೆಟ್ ತಗೊಂಡ್ರೆ ನನ್ನಾಣೆ. ರೈಲು ಸರೋವರದ ದಕ್ಷಿಣದ ದಂಡೆ ಹಿಡ್ಕೊಂಡು ಸುಮಾರು 200 ಕಿಲೋಮೀಟರ್ ಹೋಗುತ್ತೆ, ಪೂರ್ವಕ್ಕೆ ಹೋಗೋರಿಗೆ ನೀರು ಎಡಗಡೆ. ಉಲಾನ್ ಉದೆ ಬುರಿಯಾತ್ ಜನರ ಊರು, ಬೌದ್ಧ ಮಠ ಊರಾಚೆ ಇವೊಲ್ಗಿನ್ಸ್ಕ್‌ನಲ್ಲಿದೆ, ಮೇನ್ ಚೌಕದಲ್ಲಿ ಮಾತ್ರ ಲೆನಿನ್ ತಲೆ. ಬರೀ ತಲೆ, 7.7 ಮೀಟರ್ ಎತ್ತರ. ಇಲ್ಲಿಂದ ವ್ಲಾಡಿವೊಸ್ಟಾಕ್‌ಗೆ ಎರಡೂವರೆ ದಿನದ ಮೇಲೆ, ಎಲ್ಲೂ ಇಳಿಯೋದು ಬೇಡ.

ಪ್ರಶ್ನೆ: ಒಂದೇ ಟಿಕೆಟ್ ತಗೊಂಡು ಬೇಕಾದಲ್ಲಿ ಇಳಿದು ಮತ್ತೆ ಹತ್ತಬಹುದಾ?

ಉತ್ತರ: ಅಂಥ ಪಾಸ್ ಇಟ್ಕೊಂಡು ತಿರುಗೋ ದಾರಿ ಅಲ್ಲ ಇದು. ಟಿಕೆಟ್ ಅಂದ್ರೆ ಇಂಥ ದಿನ, ಇಂಥ ಟ್ರೈನು, ಇಂಥ ಬರ್ತ್, ಮೇಲೆ ನಿಮ್ಮ ಹೆಸರು ಪಾಸ್‌ಪೋರ್ಟ್ ನಂಬರ್. ಮೂರು ಕಡೆ ಇಳಿಯೋದಾದ್ರೆ ನಾಲ್ಕು ಟಿಕೆಟ್, ಎಲ್ಲಾ ಮೊದಲೇ ಮಾಡಿಸ್ಕೊಳ್ಳಿ. ಹತ್ತುವಾಗ ಬೋಗಿ ನೋಡ್ಕೊಳ್ಳೋ ಪ್ರೊವೊದ್ನಿತ್ಸ ಬಾಗಿಲಲ್ಲೇ ನಿಂತು ಪಾಸ್‌ಪೋರ್ಟ್ ನೋಡ್ತಾಳೆ, ಸ್ಪೆಲ್ಲಿಂಗ್ ಒಂದಕ್ಷರ ಹೆಚ್ಚುಕಮ್ಮಿ ಇದ್ರೂ ತಲೆಬಿಸಿ. ಇನ್ನೊಂದು, 2022ರ ಮಾರ್ಚಿಂದ ಹೊರದೇಶದ ಬ್ಯಾಂಕು ಕೊಟ್ಟ ವೀಸಾ ಕಾರ್ಡು, ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ನಡೆಯಲ್ಲ, ಕೈಲಿ ಕ್ಯಾಶ್ ಇರ್ಲಿ.

ಪ್ರಶ್ನೆ: ಟಿಕೆಟಲ್ಲಿ ಎಲ್ಲಾ ಟೈಮೂ ಮಾಸ್ಕೋ ಟೈಮೇ ಅಂತೆ ಹೌದಾ? ತಲೆ ತಿರುಗ್ತಿದೆ.

ಉತ್ತರ: ಯಾವುದೋ ಹಳೇ ಗೈಡ್ ಬುಕ್ ಓದಿದೀರಿ ಅನ್ಸುತ್ತೆ. 2018ರ ಆಗಸ್ಟ್‌ವರೆಗೂ ಹಾಗೇ ಇತ್ತು, ಈಗ ಟಿಕೆಟಲ್ಲಿ ಆಯಾ ಊರಿನ ಟೈಮ್. ನಾನು ಹೋಗಿದ್ದು ಹಳೇ ಕಾಲದಲ್ಲಿ. ಬೆಳಕು ಹರಿದು ಊರೆಲ್ಲ ತಿಂಡಿ ತಿಂತಿದ್ರೆ ಸ್ಟೇಷನ್ ಗಡಿಯಾರ ರಾತ್ರಿ ಮೂರು ಅಂತ ತೋರಿಸ್ತಿತ್ತು. ಈಗ ಆ ಪಜೀತಿ ಇಲ್ಲ, ಆದ್ರೆ ಮಾಸ್ಕೋಗೂ ವ್ಲಾಡಿವೊಸ್ಟಾಕ್‌ಗೂ 7 ಗಂಟೆ ವ್ಯತ್ಯಾಸ ಇದ್ದೇ ಇದೆ. ದಿನಾ ಒಂದೊಂದು ಗಂಟೆ ಯಾರೋ ಜೇಬಿಂದ ಕದ್ದಂಗೆ ಆಗಿ ಊಟದ ಹೊತ್ತಿಗೆ ಹಸಿವಿಲ್ಲ, ಮಲಗೋ ಹೊತ್ತಿಗೆ ನಿದ್ದೆ ಇಲ್ಲ. ಬೋಗಿ ಕಾರಿಡಾರಲ್ಲಿ ಸ್ಟೇಷನ್ ಪಟ್ಟಿ ಅಂಟಿಸಿರ್ತಾರೆ, ಅದ್ರಲ್ಲಿ ಸ್ತೊಯಾಂಕ ಅನ್ನೋ ಕಾಲಮ್ ನೋಡಿ, ಎಷ್ಟು ನಿಮಿಷ ನಿಲ್ಲುತ್ತೆ ಅಂತ. ದೊಡ್ಡ ಊರಲ್ಲಿ ಅರ್ಧ ಗಂಟೆನೂ ಇರುತ್ತೆ, ಕೆಲವು ಕಡೆ 2 ನಿಮಿಷ. ಆ ಕಾಲಮ್ ನೋಡದೆ ನಾನು ಒಂದು ಸಣ್ಣ ಸ್ಟೇಷನ್ನಲ್ಲಿ ಚಪ್ಪಲೀಲಿ ಇಳಿದು ಬಿಸಿ ಪಿರೊಷ್ಕಿ (ಒಳಗೆ ಹೂರಣ ತುಂಬಿದ ಬನ್ನು) ಆರಿಸ್ತಾ ನಿಂತಿದ್ದೆ, ಟ್ರೈನು ಒಂದು ಸದ್ದೂ ಮಾಡ್ದೆ ಹೊರಟೇಬಿಡ್ತು, ನಮ್ಮ ಪ್ರೊವೊದ್ನಿತ್ಸ ಕಾಲರ್ ಹಿಡಿದು ಒಳಗೆ ಎಳ್ಕೊಂಡಿದ್ದಕ್ಕೆ ಉಳ್ಕೊಂಡೆ. ಏನು ಬೈದ್ಲು ಅಂತ ಅರ್ಥ ಆಗ್ಲಿಲ್ಲ, ಒಳ್ಳೇದೇ ಆಯ್ತು.

ಪ್ರಶ್ನೆ: ನಾವು ಅಕ್ಕ ತಂಗಿ ಇಬ್ರೇ ಹೋಗ್ತಿದೀವಿ. ಯಾವ ಕ್ಲಾಸ್ ವಾಸಿ? ಊಟಕ್ಕೆ ಏನು ಮಾಡೋದು, ಇಬ್ರೂ ವೆಜ್.

ಉತ್ತರ: ಪ್ಲಾಟ್ಸ್‌ಕಾರ್ಟ್ ಅಂದ್ರೆ ಬಾಗಿಲಿಲ್ಲದ ಬೋಗಿ, 54 ಬರ್ತ್, ಅಗ್ಗ. ಮೊಟ್ಟೆ ಸುಲಿಯೋರು, ಇಸ್ಪೀಟ್ ಆಡೋರು, ರಜಕ್ಕೆ ಹೋಗ್ತಿರೋ ಸೈನಿಕರು ಎಲ್ಲಾ ಅಲ್ಲೇ ಸಿಗ್ತಾರೆ. ಕುಪೆ ಅಂದ್ರೆ ನಾಲ್ಕು ಬರ್ತಿನ ರೂಮು, ಬಾಗಿಲು ಲಾಕ್ ಆಗುತ್ತೆ. ಬುಕ್ ಮಾಡುವಾಗ ಎಷ್ಟೋ ಟ್ರೈನಲ್ಲಿ ಹೆಂಗಸರಿಗೆ ಮಾತ್ರ ಅಂತ ಇರೋ ಕುಪೆ ಆರಿಸ್ಕೋಬಹುದು, ನೀವು ಅದನ್ನೇ ತಗೊಳ್ಳಿ. ಆದ್ರೆ ನನ್ನ ಮಾತು ಕೇಳೋದಾದ್ರೆ ಉಲಾನ್ ಉದೆಗೆ ಹೋಗೋ ಆ ಹಗಲು ಪ್ರಯಾಣ ಮಾತ್ರ ಪ್ಲಾಟ್ಸ್‌ಕಾರ್ಟಲ್ಲಿ ಮಾಡಿ, ಎರಡೂ ಕಡೆ ಕಿಟಕಿ ಕಾಣುತ್ತೆ, ಜನಾನೂ ಮಾತಾಡಿಸ್ತಾರೆ.

ಊಟದ ಬಗ್ಗೆ ಹೆದರ್ಬೇಡಿ, ಆಸೆನೂ ಇಟ್ಕೋಬೇಡಿ. ಪ್ರತಿ ಬೋಗಿ ಕೊನೇಲಿ ಸಮೊವಾರ್ ಇರುತ್ತೆ, ಹಗಲೂ ರಾತ್ರಿ ಕುದಿಯೋ ನೀರು, ಫ್ರೀ. ಪ್ರೊವೊದ್ನಿತ್ಸ ಕೇಳಿದ್ರೆ ಲೋಹದ ಹಿಡಿಕೆ ಇರೋ ಗಾಜಿನ ಲೋಟ ಕೊಡ್ತಾಳೆ, ಅದ್ರಲ್ಲಿ ಹಾಲಿಲ್ಲದ ಚಹಾ. ಓಟ್ಸ್, ಆಲೂಗಡ್ಡೆ ಪುಡಿ, ಅಂಗಡಿ ಬ್ರೆಡ್ಡು, ಸೌತೆಕಾಯಿ ಉಪ್ಪಿನಕಾಯಿ ತಗೊಂಡು ಹತ್ತಿ. ಪ್ಲಾಟ್‌ಫಾರ್ಮಲ್ಲಿ ಅಜ್ಜಿಯರು ಪಿರೊಷ್ಕಿ ಮಾರ್ತಾರೆ, ಮೊದಲಿನಷ್ಟು ಜನ ಈಗಿಲ್ಲ, ಸಿಕ್ರೆ ಒಳಗೇನಿದೆ ಕೇಳಿ: ಕರ್ತೋಷ್ಕ ಅಂದ್ರೆ ಆಲೂಗಡ್ಡೆ, ಕಪುಸ್ತ ಅಂದ್ರೆ ಎಲೆಕೋಸು, ಮ್ಯಾಸ ಅಂದ್ರೆ ಮಾಂಸ. ಈ ಮೂರು ಪದ ಸಾಕು.

ಪ್ರಶ್ನೆ: ಬೈಕಲ್ ದಂಡೆಲಿ ರೈಲು ದಾರಿ ಹಾಕೋ ಮುಂಚೆ ರೈಲುಗಳು ಸರೋವರ ಹೇಗೆ ದಾಟ್ತಿದ್ವು? ನಮ್ಮ ಕ್ಲಾಸಲ್ಲಿ ಚರ್ಚೆ ಆಯ್ತು.

ಉತ್ತರ: ಹಡಗಿನ ಹೊಟ್ಟೇಲಿ ಕೂತ್ಕೊಂಡು! ಬೈಕಲ್ ಅಂತ್ಲೇ ಹೆಸರಿನ ಐಸ್ ಒಡೆಯೋ ಹಡಗನ್ನ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಮಾಡಿಸಿ, ಬಿಡಿ ಭಾಗ ಮಾಡಿ ತಂದು, ದಂಡೆ ಮೇಲೆ ಜೋಡಿಸಿದ್ರು. ಹಡಗಿನೊಳಗೇ ಹಳಿ ಇತ್ತು, ಬೋಗಿಗಳು ಹಾಗೇ ಅದರೊಳಗೆ ಹೋಗ್ತಿದ್ವು. ಜೊತೆಗೆ ಅಂಗಾರ ಅಂತ ಸಣ್ಣದೊಂದು, ಅದು ಈಗಲೂ ಇರ್ಕುಟ್ಸ್ಕ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. 1904ರಲ್ಲಿ ಜಪಾನ್ ಜೊತೆ ಯುದ್ಧ ಶುರುವಾದಾಗ ಚಳಿಗಾಲ, ಸರೋವರ ಹೆಪ್ಪುಗಟ್ಟಿತ್ತು, ಸೈನ್ಯಕ್ಕೆ ಸಾಮಾನು ಹೋಗ್ಬೇಕು. ಐಸ್ ಮೇಲೇ ಹಳಿ ಹಾಸಿ ಕುದುರೆ ಕಟ್ಟಿ ಬೋಗಿ ಎಳೆಸಿದ್ರು. ಆಮೇಲೆ ದಂಡೆಯ ಬಂಡೆ ಕೊರೆದು ಮೂವತ್ತಕ್ಕೂ ಹೆಚ್ಚು ಸುರಂಗ ಮಾಡಿ ದಾರಿ ತಂದ್ರು. ಅದರದ್ದೂ ಕಥೆ ವಿಚಿತ್ರ, 1950ರ ದಶಕದಲ್ಲಿ ಇರ್ಕುಟ್ಸ್ಕ್ ಅಣೆಕಟ್ಟು ಕಟ್ಟಿದಾಗ ಅಂಗಾರ ನದಿ ಪಕ್ಕದ ಹಳಿ ಮುಳುಗಿ ಆ ಸುರಂಗದ ದಾರಿ ಮುಂದಕ್ಕೆ ಎಲ್ಲೂ ಹೋಗದ ಹಾಗಾಯ್ತು. ಈಗ ಆ ಹಳೇ ಹಳಿ ಮೇಲೆ ಸ್ಲ್ಯುದ್ಯಾಂಕ ಅನ್ನೋ ಊರಿಂದ ಟೂರಿಸ್ಟ್ ಟ್ರೈನು ಓಡುತ್ತೆ. ಪೂರ್ತಿ ರಷ್ಯಾದ ನೆಲದ ಮೇಲೇ ವ್ಲಾಡಿವೊಸ್ಟಾಕ್ ಮುಟ್ಟೋ ದಾರಿ ಆಗಿದ್ದು 1916ರಲ್ಲಿ, ಖಬರೋವ್ಸ್ಕ್‌ನ ಅಮೂರ್ ಸೇತುವೆ ಮುಗಿದ ಮೇಲೆ. ಅಲ್ಲಿವರೆಗೂ ಚೀನಾದ ಮಂಚೂರಿಯಾ ಮೂಲಕ ಹೋಗ್ಬೇಕಿತ್ತು.

ಪ್ರಶ್ನೆ: ಸ್ನಾನ?

ಉತ್ತರ: ಕೆಲವು ಟ್ರೈನಲ್ಲಿ ದುಡ್ಡು ಕೊಟ್ರೆ ಷವರ್ ಸಿಗುತ್ತೆ, ಇಲ್ಲಾಂದ್ರೆ ಒದ್ದೆ ಟವೆಲ್ಲೇ ಗತಿ. ಮೊದಲನೇ ಪ್ರಶ್ನೆ ಕೇಳಿದ ಮೇಡಂ ಅವರ ಯಜಮಾನ್ರು ಇದನ್ನ ಓದ್ತಿದ್ರೆ, ಯೆಕಟೆರಿನ್‌ಬರ್ಗ್‌ನಲ್ಲಿ ಇಳಿಯೋಕೆ ತ್ಸಾರ್ ಕಥೆ ಸಾಲದೇ ಹೋದ್ರೆ ಈ ಕಾರಣ ಸಾಕು ಅನ್ಕೋತೀನಿ.